ಉಪ್ಪುನೀರು ಬಟ್ಟೆಯ ಬಣ್ಣವನ್ನು ಕಟ್ಟಿಹಾಕುವುದಿಲ್ಲ

ಹೊಸ ಹತ್ತಿ ಬಟ್ಟೆಯನ್ನು ಮೊದಲ ಸಲ ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಸಲಹೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಬಣ್ಣ ಹಾಕುವಾಗ ಉಪ್ಪು ಬಳಸುವುದು ನಿಜ. ಗೊಂದಲ ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ. ನೀರಿನಲ್ಲಿ ಹತ್ತಿಯ ಎಳೆಗೂ ಬಣ್ಣದ ಕಣಕ್ಕೂ ಋಣ ವಿದ್ಯುದಂಶವೇ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸಿ ಬಣ್ಣವನ್ನು ಎಳೆಯತ್ತ ಸರಿಸುತ್ತದೆ. ಅದರ ಕೆಲಸ ಅಷ್ಟೇ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳಲು ಕ್ಷಾರ ಬೇಕು. ವಾಷಿಂಗ್ ಸೋಡಾ ಹಾಕುವುದು ಅದಕ್ಕಾಗಿ. ಆ ಬೆಸುಗೆ ಆಗುವುದು ಬಣ್ಣದ ತೊಟ್ಟಿಯಲ್ಲಿ, ಮನೆಯ ಬಕೆಟ್‌ನಲ್ಲಲ್ಲ.

ಮೊದಲ ಒಗೆತದಲ್ಲಿ ನೀರಿಗೆ ಬಣ್ಣ ಬರುವುದು ಬೆಸೆಯದೆ ಉಳಿದ ಬಣ್ಣದಿಂದ. ತಯಾರಿಕೆಯ ಕೊನೆಯಲ್ಲಿ ಬಿಸಿ ಸಾಬೂನು ನೀರಿನಲ್ಲಿ ತೊಳೆದು ತೆಗೆಯಬೇಕಾಗಿದ್ದ ಬಣ್ಣ ಅದು. ದಯವಿಟ್ಟು ಅದನ್ನು ಹಿಡಿದಿಡಲು ಹೋಗಬೇಡಿ, ಹೊರಗೆ ಹೋಗಲು ಬಿಡಿ. ಬಟ್ಟೆಯನ್ನು ಪ್ರತ್ಯೇಕವಾಗಿ, ನೀರು ತಿಳಿಯಾಗುವವರೆಗೆ ಜಾಲಿಸಿ.

ವಿನೆಗರ್ ಹಾಕಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಮಾತೂ ಹೀಗೆಯೇ. ಆಮ್ಲ ಉಪಯೋಗಕ್ಕೆ ಬರುವುದು ಉಣ್ಣೆ, ರೇಷ್ಮೆಗಳಿಗೆ ಆಸಿಡ್ ಬಣ್ಣ ಹಾಕುವಾಗ; ಹತ್ತಿಯ ಬಣ್ಣವನ್ನು ಅದು ಗಟ್ಟಿ ಮಾಡುವುದಿಲ್ಲ.