ಆ ಹಳದಿ ಚುಕ್ಕೆಗಳನ್ನು ಹುಡುಕಿ ಎಂದು ಯಾರೂ ಹೇಳಿರಲಿಲ್ಲ

ಕಳೆದ ವಾರ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತ ಬಂಧುವೊಬ್ಬರು ಕೇಳಿದರು: “ರಾತ್ರಿಯೆಲ್ಲ ಕಂಪ್ಯೂಟರಿನಲ್ಲಿ ಆಕಾಶದ ಚಿತ್ರಗಳ ಮೇಲೆ ಗೆರೆ ಎಳೆಯುತ್ತಿದ್ದೆಯಂತಲ್ಲ, ಅದಕ್ಕೆ ಎಷ್ಟು ಕೊಡುತ್ತಿದ್ದರು?” ಏನೂ ಇಲ್ಲ ಎಂದೆ. “ಅಂದರೆ ಬಿಟ್ಟಿ ಚಾಕರಿ. ಈಗ ಅದನ್ನೆಲ್ಲ ಯಂತ್ರವೇ ಮಾಡುತ್ತದೆ ಬಿಡು” ಎಂದು ಪಾಯಸದ ಕಡೆ ತಿರುಗಿದರು. ಊಟದ ಎಲೆಯ ಮುಂದೆ ವಾದ ಬೇಡವೆಂದು ಸುಮ್ಮನಾದೆ. ಮಾತು ಮಾತ್ರ ಇನ್ನೂ ಕೊರೆಯುತ್ತಿದೆ.

ನಾನು 2012ರಲ್ಲಿ ಸೇರಿಕೊಂಡದ್ದು ‘ಮಿಲ್ಕಿ ವೇ ಪ್ರಾಜೆಕ್ಟ್’ಗೆ. ಝೂನಿವರ್ಸ್ ಜಾಲತಾಣದಲ್ಲಿ 2010ರ ಡಿಸೆಂಬರಿನಲ್ಲಿ ಶುರುವಾದ ಯೋಜನೆ; ಯಾರು ಬೇಕಾದರೂ ಸೇರಬಹುದಿತ್ತು. ನಾಸಾದ ಸ್ಪಿಟ್ಜರ್ ದೂರದರ್ಶಕ ಅವಕೆಂಪು ಬೆಳಕಿನಲ್ಲಿ ತೆಗೆದ ಕ್ಷೀರಪಥದ ಚಿತ್ರಗಳು ನಮ್ಮ ಮುಂದೆ ಬರುತ್ತಿದ್ದವು. ಕಣ್ಣಿಗೆ ಕಾಣುವ ಬೆಳಕನ್ನು ಕ್ಷೀರಪಥದ ದೂಳು ತಡೆದುಬಿಡುತ್ತದೆ, ಅವಕೆಂಪು ಬೆಳಕು ಅದನ್ನು ದಾಟಿ ಬರುತ್ತದೆ. ಹಾಗೆ ನೋಡಿದಾಗ ಎಲ್ಲೆಲ್ಲೂ ಗುಳ್ಳೆಗಳು! ಎಳೆಯ ದೈತ್ಯ ನಕ್ಷತ್ರವೊಂದು ತನ್ನ ಕಾವಿನಿಂದ ಸುತ್ತಲಿನ ಅನಿಲದ ಮೋಡವನ್ನು ಹೊರಕ್ಕೆ ತಳ್ಳುತ್ತಾ ಹೋದಂತೆ ಮೋಡದೊಳಗೆ ಪೊಳ್ಳು ಉಂಟಾಗುತ್ತದೆ. ಚಿತ್ರದಲ್ಲಿ ಅದರ ಅಂಚಿಗೆ ಹಸಿರು ಬಣ್ಣ, ಒಳಗಿನ ಬೆಚ್ಚನೆಯ ದೂಳಿಗೆ ಕೆಂಪು. ಆ ಹಸಿರಿನಲ್ಲಿ ಹೊಳೆಯುವ ಅಣುಗಳ ಬಳಗ ನಮ್ಮ ಒಲೆಯ ಮಸಿಯಲ್ಲೂ ಇದೆ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಪ್ರತಿ ಗುಳ್ಳೆಯ ಸುತ್ತ ಅಳತೆಗೆ ಸರಿಯಾಗಿ ಅಂಡಾಕಾರ ಎಳೆಯುವುದು ನಮ್ಮ ಕೆಲಸ.

ಒಂದು ರಾತ್ರಿ ಊರಿನಿಂದ ಬಂದಿದ್ದ ಅತ್ತೆ ಹಿಂದೆ ನಿಂತು ನೋಡಿದರು. “ಇದೇನೋ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗಿದೆ” ಎಂದರು. ಅವರು ಬದುಕಿಡೀ ಅಡಿಕೆ ಆರಿಸಿದವರು. ರಾಶಿ, ಬೆಟ್ಟೆ, ಗೊರಬಲು ಎಂದು ಕೈ ನಿಲ್ಲಿಸದೆ ಬೇರೆ ಮಾಡುವ ಕಣ್ಣು ಅವರದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪರದೆಯ ಮೇಲೆ ಬೆರಳಿಟ್ಟು, “ಇದರ ಅಂಚಿನಲ್ಲಿ ಮರಿ ಗುಳ್ಳೆ ಇದೆಯಲ್ಲ, ಅದನ್ನು ಯಾಕೆ ಬಿಟ್ಟೆ?” ಎಂದು ಕೇಳಿದರು. ಇದು ಸಣ್ಣ ವಿಷಯವಲ್ಲ. ಅದೇ ವರ್ಷ ಪ್ರಕಟವಾದ ಮೊದಲ ಪಟ್ಟಿಯಲ್ಲಿ 5,106 ಗುಳ್ಳೆಗಳಿದ್ದವು. ಅವುಗಳಲ್ಲಿ ಶೇ 29ರಷ್ಟು ದೊಡ್ಡದೊಂದು ಗುಳ್ಳೆಯ ಅಂಚಿನಲ್ಲಿದ್ದವು, ಇಲ್ಲವೇ ತಮ್ಮೊಳಗೆ ಸಣ್ಣವನ್ನು ಇಟ್ಟುಕೊಂಡಿದ್ದವು. ಒಂದು ನಕ್ಷತ್ರದ ತಳ್ಳಾಟವೇ ಇನ್ನೊಂದರ ಹುಟ್ಟಿಗೆ ಕಾರಣವಾಗುತ್ತದೆಯೇ ಎಂಬ ಪ್ರಶ್ನೆಗೆ ಇಂಥ ಮರಿಗಳೇ ಸಾಕ್ಷಿ ಹೇಳಬೇಕು.

ಅದಕ್ಕೂ ಮೊದಲು ತಜ್ಞರು ತಾವೇ ಕಣ್ಣಾಡಿಸಿ ಪಟ್ಟಿ ಮಾಡಿದ್ದ ಗುಳ್ಳೆಗಳು ಸುಮಾರು 600. ಹಾಗೆಂದು ನಮ್ಮ ಗೆರೆಗಳನ್ನು ಯಾರೂ ಕಣ್ಣು ಮುಚ್ಚಿ ನಂಬಲಿಲ್ಲ. ಒಂದು ಗುಳ್ಳೆ ಪಟ್ಟಿ ಸೇರಲು ಕನಿಷ್ಠ ಐವರು, ಒಬ್ಬರಿಗೊಬ್ಬರು ತಿಳಿಯದಂತೆ, ಅದನ್ನು ಗುರುತಿಸಿರಬೇಕಿತ್ತು. 2012ರಿಂದ 2017ರವರೆಗಿನ ಸುಮಾರು 30 ಲಕ್ಷ ಗುರುತುಗಳನ್ನು ಇನ್ನಷ್ಟು ಬಿಗಿಯಾಗಿ ಸೋಸಿ 2019ರಲ್ಲಿ ಎರಡನೆಯ ಪಟ್ಟಿ ತಂದಾಗ ಉಳಿದದ್ದು 2,600. ತೀರಾ ಖಚಿತವಾದವು 1,394. ಎಣಿಕೆ ಇಳಿದದ್ದನ್ನು ಕಂಡು ನನಗೆ ಹೆಮ್ಮೆಯಾಯಿತು. ಸೋಸದೆ ಬಳಸಿದ್ದರೆ ಅದು ನಮ್ಮ ಶ್ರಮಕ್ಕೆ ಮಾಡಿದ ಅವಮಾನವಾಗುತ್ತಿತ್ತು.

ಇನ್ನು ಯಂತ್ರದ ಮಾತು. ‘ಬ್ರಟ್’ ಎಂಬ ಗಣಕಕ್ರಮ 2014ರಲ್ಲಿ ಬಂತು, ಗುಳ್ಳೆಗಳನ್ನು ಚೆನ್ನಾಗಿಯೇ ಗುರುತಿಸಿತು. ಆದರೆ ಗುಳ್ಳೆ ಎಂದರೆ ಹೇಗಿರುತ್ತದೆ ಎಂದು ಅದು ಕಲಿತದ್ದು ಸ್ವಯಂಸೇವಕರ ಪಟ್ಟಿಯಿಂದಲೇ. ಅದಕ್ಕಿಂತ ಮುಖ್ಯವಾದದ್ದು ಹಳದಿ ಚುಕ್ಕೆಗಳ ಕತೆ. ಗೆರೆ ಎಳೆಯುತ್ತಿದ್ದವರಿಗೆ ಅಲ್ಲಲ್ಲಿ ಪುಟ್ಟ ಹಳದಿ ಉಂಡೆಗಳು ಕಾಣತೊಡಗಿದವು. ಅವು ನಮಗೆ ಒಪ್ಪಿಸಿದ ಕೆಲಸದಲ್ಲಿ ಇರಲೇ ಇಲ್ಲ. “ಇವು ಏನು?” ಎಂದು ಕೇಳಿದರು, ತಾವೇ ಹೆಸರಿಟ್ಟು ಗುರುತು ಹಾಕುತ್ತಾ ಹೋದರು. ವಿಜ್ಞಾನಿಗಳು ಬೆನ್ನು ಹತ್ತಿದರು; 2015ರಲ್ಲಿ ಚಾರ್ಲ್ಸ್ ಕೆರ್ಟನ್, ಗ್ರೇಸ್ ವುಲ್ಫ್-ಚೇಸ್ ಮತ್ತು ಸಂಗಡಿಗರ ಪ್ರಬಂಧದಲ್ಲಿ 928 ಹಳದಿ ಉಂಡೆಗಳಿದ್ದವು. ಹಸಿರೂ ಕೆಂಪೂ ಒಂದೇ ಕಡೆ ಬಿದ್ದು ಹಳದಿಯಾದ ಜಾಗಗಳವು, ನಕ್ಷತ್ರಗಳು ಈಗಷ್ಟೇ ಕಣ್ಣು ಬಿಡುತ್ತಿರುವ ತಾಣಗಳು. ಮುಂದೆ ಅವುಗಳ ಸಂಖ್ಯೆ 6,000 ದಾಟಿತು. ಗುಳ್ಳೆ ಹುಡುಕು ಎಂದು ಕಲಿಸಿದ ಯಂತ್ರ ಗುಳ್ಳೆಯನ್ನು ಹುಡುಕುತ್ತದೆ. ಪಕ್ಕದಲ್ಲಿರುವುದು ಏನೆಂದು ಕೇಳಿದವರು ಮನುಷ್ಯರು. ಇದನ್ನು ಬಿಟ್ಟಿ ಚಾಕರಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ನನಗಿರುವ ಕೊರಗು ಬೇರೆ. ನಾನು ಓದಿದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅತ್ತೆಯ ಕಣ್ಣು ಆ ಪಟ್ಟಿಯವರೆಗೆ ಹೋಗಲು ನಡುವೆ ನಾನು ಕೂರಬೇಕಾಯಿತು. ಅಂಥ ಕಣ್ಣುಗಳು ನಮ್ಮ ಮನೆಮನೆಗಳಲ್ಲಿವೆ. ಇಂಥ ಯೋಜನೆಗಳ ಪಾಠವನ್ನು ಕನ್ನಡಕ್ಕೆ ತರಲು ಬಿಡುವಿರುವವರು ದಯವಿಟ್ಟು ನನಗೆ ಬರೆಯಿರಿ, ನಾನು ಜೊತೆಗೆ ಕೂರುತ್ತೇನೆ.

ಹಳದಿ ಉಂಡೆಗಳ ಸಂಗತಿಯನ್ನು ಅತ್ತೆಗೆ ಫೋನಿನಲ್ಲಿ ಹೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವು ಇನ್ನೂ ಉಬ್ಬದ ಹಪ್ಪಳಗಳೋ?” ಎಂದು ಕೇಳಿದರು. ಹೌದು ಅತ್ತೆ, ಪ್ರಬಂಧದಲ್ಲಿ ಬರೆದಿರುವುದೂ ಹೆಚ್ಚುಕಡಿಮೆ ಅದನ್ನೇ ಎಂದೆ.