ಬಣ್ಣ ಒಂದೇ ಅಲ್ಲ

ಕೌಬಾಯ್ ಟೋಪಿ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್. ಆದರೆ ವೆಸ್ಟರ್ನ್ ಸಿನಿಮಾದಲ್ಲಿ, ಅಂದರೆ ಕೌಬಾಯ್ ಸಿನಿಮಾದಲ್ಲಿ, ಬಿಳಿ ಟೋಪಿ ಅಂದರೆ ಒಳ್ಳೆಯವನು, ಕರಿ ಟೋಪಿ ಅಂದರೆ ಕೆಟ್ಟವನು ಎಂದು ಒಂದೇ ಏಟಿಗೆ ಹೇಳಿಬಿಟ್ಟಿದ್ದೀರಿ. ಅಷ್ಟು ಸಲೀಸಲ್ಲ. ಹೋಪಲಾಂಗ್ ಕ್ಯಾಸಿಡಿ ಅನ್ನೋ ಕೌಬಾಯ್ ಪಾತ್ರದ ವಿಲಿಯಂ ಬಾಯ್ಡ್ ಕರಿ ಬಟ್ಟೆ, ಕರಿ ಟೋಪಿಯಲ್ಲೇ ಅಮೆರಿಕದ ಮಕ್ಕಳ ಹೀರೋ ಆಗಿದ್ದರು. 1952ರ ‘ಹೈ ನೂನ್’ ಸಿನಿಮಾದಲ್ಲಿ ಹೀರೋ ಗ್ಯಾರಿ ಕೂಪರ್ ಟೋಪಿಯೂ ಕಪ್ಪೇ.

ನಿಜವಾದ ಕಳ್ಳರು ಏನು ಹಾಕಿಕೊಳ್ಳುತ್ತಿದ್ದರು ಗೊತ್ತಾ? 1900ರಲ್ಲಿ ಬುಚ್ ಕ್ಯಾಸಿಡಿ ಗ್ಯಾಂಗಿನ ಐವರು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಫೋಟೋ ತೆಗೆಸಿಕೊಂಡಿದ್ದಾರೆ. ಸೂಟು, ಟೈ, ತಲೆ ಮೇಲೆ ಗುಂಡಗಿನ ಬೌಲರ್ ಟೋಪಿ! ರೈಲು ದೋಚಿದವರು ಅಂತ ನಂಬೋದೇ ಕಷ್ಟ, ಮದುವೆಗೆ ಹೊರಟವರ ಹಾಗೆ ಕಾಣುತ್ತಾರೆ. ಟೋಪಿ ತಯಾರಕ ಸ್ಟೆಟ್ಸನ್ 1865ರಲ್ಲಿ ತಂದ ಕೌಬಾಯ್ ಟೋಪಿಗೂ ಅಂಚು ಚಪ್ಪಟೆ, ಮೇಲ್ಭಾಗದಲ್ಲಿ ಮಡಿಕೆ ಇರಲಿಲ್ಲ. ಹಾಕಿಕೊಂಡವರೇ ಒತ್ತಿ, ಬಗ್ಗಿಸಿ ತಮಗೆ ಬೇಕಾದ ಹಾಗೆ ಮಾಡಿಕೊಂಡರು.

ಬಣ್ಣ ಬಿಡಿ, ಟೋಪಿ ಅಂದರೆ ಆ ಗಂಡಸಿನ ಮರ್ಯಾದೆ. ನಿರ್ದೇಶಕ ಸೆರ್ಜಿಯೋ ಲಿಯೋನೆಯ 1965ರ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ನೋಡಿ. ಲೀ ವಾನ್ ಕ್ಲೀಫ್ ಕೆಳಗೆ ಬಿದ್ದ ಟೋಪಿ ಎತ್ತಿಕೊಳ್ಳಲು ಹೋದಾಗಲೆಲ್ಲ ಕ್ಲಿಂಟ್ ಈಸ್ಟ್‌ವುಡ್ ಅದಕ್ಕೆ ಗುಂಡು ಹೊಡೆದು ದೂರ ಹಾರಿಸುತ್ತಾನೆ. ಆಮೇಲೆ ವಾನ್ ಕ್ಲೀಫ್ ಸರದಿ. ಅವನು ಈಸ್ಟ್‌ವುಡ್‌ನ ಟೋಪಿಗೆ ಗುಂಡಿನ ಮೇಲೆ ಗುಂಡು ಹೊಡೆದು ಗಾಳಿಯಲ್ಲೇ ಕುಣಿಸುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲಲಿಲ್ಲ, ಸುಮ್ನೆ ಟೋಪಿ ಹೊಡೆದರು, ಅಷ್ಟೇ. ಮುಂದೆ ಜೊತೆಗೆ ಕೂತು ಕುಡಿಯುತ್ತಾರೆ. ಈ ದೃಶ್ಯ ಲೇಖನದಲ್ಲಿ ಇರಬೇಕಿತ್ತು, ಅಲ್ವಾ?