ಅರಬಿ ಬಂದವರಿಗೆ ಲಾ ಬರಲ್ಲ, ಲಾ ಬಂದವರಿಗೆ ಅರಬಿ ಬರಲ್ಲ

ಒಂದು ಲೆಕ್ಕ ಹೇಳ್ತೀನಿ. ಒಬ್ಬ ಮುಸ್ಲಿಂ ಹೆಂಗಸು ತೀರಿಕೊಂಡಿದ್ದಾಳೆ, ಅವಳ ಆಸ್ತಿ ಹಂಚಬೇಕು. ಗಂಡ, ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಕುರ್‌ಆನ್ ಪ್ರಕಾರ ಗಂಡನಿಗೆ 1/4, ಅಪ್ಪ ಅಮ್ಮನಿಗೆ ತಲಾ 1/6, ಹೆಣ್ಣುಮಕ್ಕಳಿಬ್ಬರಿಗೂ ಸೇರಿ 2/3. ಕೂಡಿಸಿ ನೋಡಿ, 15/12 ಆಗುತ್ತದೆ. ಇರುವುದಕ್ಕಿಂತ ಜಾಸ್ತಿ! ಸುನ್ನಿಗಳು ಆಸ್ತಿಯನ್ನು 15 ಭಾಗ ಮಾಡಿ ಎಲ್ಲರ ಪಾಲನ್ನೂ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಇದಕ್ಕೆ ಔಲ್ ಅಂತಾರೆ. ಶಿಯಾಗಳು ಇದನ್ನು ಒಪ್ಪುವುದಿಲ್ಲ. ಅವರಲ್ಲಿ ಕೊರತೆಯೆಲ್ಲ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ, ಅವರಿಗೆ ಉಳಿಯುವುದು 5/12.

ನಮ್ಮ ಎಲ್‌ಎಲ್‌ಬಿ ಹುಡುಗರು ಇದನ್ನು ಇಂಗ್ಲಿಷ್ ಪುಸ್ತಕದಿಂದ ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾರೆ. ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ಇಲ್ಲ. ಅತ್ತ ಕರಾವಳಿಯ ಮಸೀದಿಯ ದರ್ಸ್ ಎಂಬ ಧರ್ಮಪಾಠದಲ್ಲಿ ಉಸ್ತಾದರ ಮುಂದೆ ಕೂತು ಫತ್‌ಹುಲ್ ಮುಈನ್ ಎಂಬ ಇಸ್ಲಾಮಿ ಕಾನೂನಿನ ಗ್ರಂಥ ಓದಿದ ಹುಡುಗನಿಗೆ ಅರಬಿ ಮೂಲವೇ ಗೊತ್ತು. ಆದರೆ ಕೋರ್ಟು ಈ ವಿಷಯದಲ್ಲಿ ಏನು ಹೇಳಿದೆ ಅಂತ ಅವನಿಗೆ ಯಾರೂ ಕಲಿಸಿಲ್ಲ. ಇಬ್ಬರೂ ಒಂದೇ ಊರಲ್ಲಿ ಇರಬಹುದು, ಭೇಟಿ ಮಾತ್ರ ಆಗುವುದಿಲ್ಲ.

ಇದು ಕಂಪನಿ ಸರ್ಕಾರದ ಕಾಲದಿಂದ ಬಂದ ರೋಗ. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹಿದಾಯಾ ಎಂಬ ಇಸ್ಲಾಮಿ ಕಾನೂನಿನ ಗ್ರಂಥವನ್ನು ಇಂಗ್ಲಿಷಿಗೆ ತಂದ. ಅರಬಿಯಿಂದ ಅಲ್ಲ, ಪರ್ಶಿಯನ್ ಅನುವಾದದಿಂದ. ಜಡ್ಜುಗಳು ಎಷ್ಟೋ ಕಾಲ ಅದನ್ನೇ ನೆಚ್ಚಿಕೊಂಡಿದ್ದರು. ಅದೂ ಸುನ್ನಿಗಳ ಹನಫಿ ಪಂಥದ ಗ್ರಂಥ. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು ಇನ್ನೊಂದು ಸುನ್ನಿ ಪಂಥವಾದ ಶಾಫಿಯವರು, ಅಲ್ವಾ?

ಎರಡೂ ಕಡೆ ಕಾಲಿಟ್ಟು ಗಟ್ಟಿಯಾಗಿ ನಿಂತವರು ಆಸಫ್ ಅಲಿ ಅಸ್ಗರ್ ಫೈಜಿ. 1899ರಲ್ಲಿ ಮಾಥೇರಾನ್‌ನಲ್ಲಿ ಹುಟ್ಟಿದವರು, ಸುಲೇಮಾನಿ ಬೊಹ್ರಾ ಎಂಬ ಶಿಯಾ ಪಂಗಡದ ಮನೆತನ. ಕೇಂಬ್ರಿಡ್ಜ್‌ನಲ್ಲಿ ಅರಬಿ, ಪರ್ಶಿಯನ್ ಓದಿದರು, ಬ್ಯಾರಿಸ್ಟರ್ ಆದರು. ಬಾಂಬೆ ಹೈಕೋರ್ಟಿನಲ್ಲಿ ವಕೀಲಿಕೆ ಮಾಡಿ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲ್ ಆದರು. ಬೊಹ್ರಾಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಫಾತಿಮಿ ಖಲೀಫರ ಕಾಲದ ಗ್ರಂಥಗಳ ಹಸ್ತಪ್ರತಿಗಳನ್ನು ಹೊರಜಗತ್ತಿಗೆ ತೋರಿಸಿದವರಲ್ಲಿ ಇವರೂ ಒಬ್ಬರು. ಹತ್ತನೇ ಶತಮಾನದ ಖಾಜಿ ನುಅಮಾನ್ ಬರೆದ ದಆಯಿಮ್ ಅಲ್ ಇಸ್ಲಾಮ್ ಎಂಬ ಕಾನೂನು ಗ್ರಂಥವನ್ನು ಪ್ರತಿ ಪ್ರತಿ ಹೋಲಿಸಿ ಸಂಪಾದಿಸಿ ಕೈರೋದಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಬಂದ ಅವರ ಮುಹಮ್ಮದನ್ ಲಾ ಪುಸ್ತಕವನ್ನು ಲಾ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ.

ಆದರೆ ಗಮನಿಸಿ, ಇಂಥವರಿಗೂ ಬರೀ ಇದೇ ವಿದ್ಯೆಯ ಕೆಲಸ ಸಿಗಲಿಲ್ಲ. ಈಜಿಪ್ಟ್‌ಗೆ ರಾಯಭಾರಿ, ಆಮೇಲೆ ಯುಪಿಎಸ್‌ಸಿ ಸದಸ್ಯ, ಆಮೇಲೆ ಕಾಶ್ಮೀರದಲ್ಲಿ ಕುಲಪತಿ. ಸಂಶೋಧನೆ ಏನಿದ್ದರೂ ಬಿಡುವಿನಲ್ಲಿ. ಅನುಕೂಲಸ್ಥ ಮನೆಯ ಫೈಜಿಗೆ ಅದು ಸಾಧ್ಯವಾಯಿತು. ಉಳ್ಳಾಲದ ದರ್ಸ್ ಹುಡುಗನಿಗೆ ಆಗುತ್ತಾ?

'ಅರಬಿ ಓದಿ ಏನ್ಮಾಡ್ತೀಯಾ, ಗಲ್ಫ್‌ಗೆ ಹೋಗ್ತೀಯಾ' ಅಂತ ಕೇಳುವವರಿಗೆ ಕಡಿಮೆ ಇಲ್ಲ. ಹೋಗಲಿ ಬಿಡಿ, ಸಂಬಳ ಸಿಗುತ್ತೆ. ನನ್ನ ತಕರಾರು ಲಾ ಕಾಲೇಜುಗಳ ಮೇಲೆ. ಅರಬಿ ಬಲ್ಲ ಒಬ್ಬ ಮೇಷ್ಟ್ರು, ದರ್ಸ್ ಓದಿದವರಿಗೆ ಲಾ ಸೇರಲು ಒಂದು ಬ್ರಿಡ್ಜ್ ಕೋರ್ಸ್. ಇಷ್ಟಕ್ಕೆ ಕೋಟಿಗಟ್ಟಲೆ ದುಡ್ಡೇನೂ ಬೇಡ. ತಲಾಕ್ ಬಗ್ಗೆ ಟಿವಿಯಲ್ಲಿ ಗಂಟೆಗಟ್ಟಲೆ ಕೂಗಾಡುವ ದೇಶ ನಮ್ಮದು, ಆದರೆ ಮೂಲ ತೆರೆದು ಓದಬಲ್ಲ ವಕೀಲರನ್ನು ಹುಡುಕಲು ಹೋದರೆ ಬೆರಳು ಮಡಚುವಷ್ಟೂ ಸಿಗಲ್ಲ.

ಫೈಜಿ 1981ರಲ್ಲಿ ತೀರಿಕೊಂಡರು. ದಆಯಿಮ್‌ನ ಅವರ ಇಂಗ್ಲಿಷ್ ಅನುವಾದವನ್ನು ವಿದ್ವಾಂಸ ಇಸ್ಮಾಯಿಲ್ ಪೂನಾವಾಲಾ ಪೂರ್ತಿ ತಿದ್ದಿ, ಟಿಪ್ಪಣಿ ಬರೆದು ಹೊರತಂದದ್ದು 2002 ಮತ್ತು 2004ರಲ್ಲಿ.